ಕೋರ್ಟು ಏಳುವ ತನಕ

ಕೌಜಲಗಿಯ ಗೌರವ್ವ ನಕ್ಕರೆ ಓಣಿಯ ಆ ತುದಿಗೆ ಕೇಳುತ್ತಿತ್ತು. ಗಂಡ ದುಂಡಪ್ಪ ಮಾತು ಕಡಿಮೆಯವನು. ಮನೆಯಲ್ಲಿ ಇಬ್ಬರ ಪಾಲಿನ ಮಾತನ್ನೂ ಅವಳೇ ಆಡುತ್ತಿದ್ದಳು. ಅವನು ಕಬ್ಬಿನ ಹೊಲ ನೋಡಿಕೊಂಡರೆ ಅವಳು ನಸುಕಿನಲ್ಲೇ ಎದ್ದು ರೊಟ್ಟಿ ಬಡಿಯುತ್ತಿದ್ದಳು. ಜೋಳದ ಹಿಟ್ಟನ್ನು ತೆಳ್ಳಗೆ ಬಡಿದು, ಬೇಯಿಸಿ, ಒಲೆಯ ಬದಿಗೆ ನಿಲ್ಲಿಸಿ ಒಣಗಿಸಿದ ಆ ಕಡಕ್ ರೊಟ್ಟಿಗಳನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಮೂಡಲಗಿಯ ಖಾನಾವಳಿಗಳಿಗೆ ಮುಟ್ಟಿಸುವುದು ಅವಳ ವ್ಯಾಪಾರ.

ಅದಕ್ಕೆಂದೇ ಒಂದು ಸ್ಕೂಟಿ ಕೊಂಡಿದ್ದಳು, ತನ್ನದೇ ಹೆಸರಿನಲ್ಲಿ. ಓಡಿಸಲು ಮಾತ್ರ ಬರುತ್ತಿರಲಿಲ್ಲ. ಕಲಿಯಲು ಹೋಗಿ ಒಮ್ಮೆ ತಿಪ್ಪೆಗೆ, ಇನ್ನೊಮ್ಮೆ ದನಗಳು ಮೇವು ತಿನ್ನುವ ಗ್ವಾದಲಿಗೆ ನುಗ್ಗಿಸಿ ಕೈಬಿಟ್ಟಳು. ಒಂಬತ್ತನೆಯ ತರಗತಿಯಲ್ಲಿದ್ದ ಮಗಳು ಶಿವಾನಿಯಾದರೋ ಒಂದೇ ಸಂಜೆಯಲ್ಲಿ ಕಲಿತುಬಿಟ್ಟಳು. ಅಲ್ಲಿಂದ ಮುಂದೆ ಶಾಲೆ ಇಲ್ಲದ ದಿನವೆಲ್ಲ ಶಿವಾನಿ ಮುಂದೆ, ತೊಡೆಯ ಮೇಲೆ ರೊಟ್ಟಿಯ ಗಂಟು ಇಟ್ಟುಕೊಂಡ ಗೌರವ್ವ ಹಿಂದೆ.

ದುಂಡಪ್ಪ ಒಮ್ಮೆ ಮಾತ್ರ ಬಾಯಿಬಿಟ್ಟಿದ್ದ. "ಪೋರಿಗೆ ಇನ್ನೂ ಹದಿನೆಂಟ ಆಗಿಲ್ಲ."

"ಆಗತೈತಿ ಬಿಡ್ರಿ. ನನಕಿಂತ ಚಲೋ ಹೊಡೀತಾಳ," ಎಂದು ಗೌರವ್ವ ನಕ್ಕಿದ್ದಳು. ಅವಳು ನಕ್ಕಮೇಲೆ ಆ ಮನೆಯಲ್ಲಿ ಮಾತು ಮುಗಿದಂತೆ.

ಫೆಬ್ರವರಿಯ ಒಂದು ಭಾನುವಾರ ಹಾಗೆಯೇ ಹೊರಟಿದ್ದರು. ಮೂಡಲಗಿಯ ಊರ ಅಂಚಿಗೆ ಬಂದಾಗ ರಸ್ತೆ ಒಂದು ಕಡೆ ತಿರುಗುತ್ತದೆ, ಬದಿಯಿಂದ ಒಂದು ಸಂದಿ ಬಂದು ಕೂಡುತ್ತದೆ. ಶಿವಾನಿ ಅಲ್ಲಿ ನಿಧಾನ ಮಾಡಿದಳು. ಹಿಂದಿನಿಂದ ಗೌರವ್ವ ಅವಳ ಬೆನ್ನು ತಟ್ಟಿದಳು. "ಖಾನಾವಳಿ ತೆರಿಯೂ ಹೊತ್ತಾತು. ಜೋರ ಹೊಡಿ."

ಶಿವಾನಿ ಜೋರು ಮಾಡಿದಳು. ಸಂದಿಯಿಂದ ಅದೇ ಹೊತ್ತಿಗೆ ಒಬ್ಬ ಹಿರಿಯ, ಕೊರಳಿಗೆ ದೊಡ್ಡ ವಾದ್ಯ ಕಟ್ಟಿಕೊಂಡು ರಸ್ತೆಗೆ ಇಳಿದ. ಬ್ರೇಕು ಹಿಡಿದದ್ದು, ಗಾಡಿ ಅಡ್ಡ ಜಾರಿದ್ದು, ಅವನಿಗೆ ಬಡಿದದ್ದು ಎಲ್ಲ ಒಟ್ಟಿಗೇ ಆಯಿತು. ಗಂಟು ಬಿಚ್ಚಿ ರೊಟ್ಟಿಗಳು ರಸ್ತೆಯ ತುಂಬ ಚೂರುಚೂರಾಗಿ ಹರಡಿದವು. ತಾಯಿ ಮಗಳಿಗೆ ಮೊಣಕಾಲು ತರಚಿತ್ತು, ಅಷ್ಟೆ. ಆದರೆ ಆ ಹಿರಿಯನ ಬಲಗೈ ಅವನ ಮೈಕೆಳಗೆ ಸಿಕ್ಕಿಕೊಂಡು ಆಗಬಾರದ ರೀತಿಯಲ್ಲಿ ಮಡಚಿಕೊಂಡಿತ್ತು.

"ಕರಡಿ ಒಡೀತೇನ? ಯಾರರ ನೋಡ್ರಿ, ನನ್ನ ಕರಡಿ ಒಡೀತೇನ?" ಎಂದು ಅವನು ನರಳುತ್ತಲೇ ಕೇಳುತ್ತಿದ್ದ.

ಕರಡಿಗೆ ಏನೂ ಆಗಿರಲಿಲ್ಲ. ಅವನ ಹೆಸರು ರಾಚಪ್ಪ. ಕರಡಿ ಮಜಲಿನ ಮೇಳದಲ್ಲಿ ಕರಡಿ ಬಾರಿಸುವವನು. ಈ ಕಡೆಯ ಮದುವೆಗಳಲ್ಲಿ, ಶಹನಾಯಿ, ತಾಳಗಳ ಜೊತೆ, ಕೊರಳಿಗೆ ತೂಗುಬಿಟ್ಟ ಆ ಭಾರವಾದ ಚರ್ಮವಾದ್ಯವನ್ನು ಬಡಿಯುತ್ತ, ಕುಣಿಯುತ್ತ ಮೆರವಣಿಗೆಯ ಮುಂದೆ ಹೋಗುವುದು ಅವನ ಕೆಲಸ. ಗೋಕಾಕದ ಆಸ್ಪತ್ರೆಯಲ್ಲಿ ಮೊಣಕೈಗೆ ಪಟ್ಟಿ ಹಾಕಿ ಕೂಡಿಸಿದರು. ಮಳೆಗಾಲ ಮುಗಿಯುವ ತನಕ ಕೈಯಲ್ಲಿ ಏನೂ ಬಡಿಯಕೂಡದು ಎಂದರು ಡಾಕ್ಟರು. ಆ ಮಾತು ಕೇಳಿ ರಾಚಪ್ಪ ಗೋಡೆಯ ಕಡೆ ಮುಖ ತಿರುಗಿಸಿದ. ಮದುವೆಯ ಸುಗ್ಗಿ ಇನ್ನೇನು ಬಾಗಿಲಿಗೆ ಬಂದಿತ್ತು.

ಪೊಲೀಸರು ಬಂದರು, ಕೇಸು ಬರೆದುಕೊಂಡರು. ಮನೆಗೆ ಬಂದ ಶಿವಾನಿ ಕೋಣೆ ಸೇರಿದವಳು ಊಟಕ್ಕೂ ಏಳಲಿಲ್ಲ. ಓಣಿಯವರು ಬಂದು ತಲೆಗೊಂದು ಉಪಾಯ ಹೇಳಿ ಹೋದರು. ಅವುಗಳಲ್ಲಿ ಒಂದು ಗೌರವ್ವನ ಮನಸ್ಸಿಗೆ ನಾಟಿತು. ಮರುದಿನವೇ ಮೂಡಲಗಿಯ ವಕೀಲ ಮಹೇಶನ ಎದುರು ಹೋಗಿ ಕುಳಿತಳು.

"ವಕೀಲ್ರ, ಗಾಡಿ ನಾನ ಓಡಸಾಕತ್ತಿದ್ದೆ ಅಂತ ಬರೀರಿ. ಹುಡುಗಿ ಹಿಂದ ಕುಂತಿದ್ಲು ಅಂತ ಹೇಳೂನು. ಜೇಲ್ ಆಗೂದಿದ್ರ ನನಗ ಆಗಲಿ."

ಮಹೇಶ ವಯಸ್ಸಿನಲ್ಲಿ ಅವಳಿಗಿಂತ ಚಿಕ್ಕವನು, ತಾಳ್ಮೆಯವನು. "ಗೌರವ್ವಾರ, ಅದು ಸುಳ್ಳ ಆಗತೈತಿ. ನೋಡಿದವರು ನಾಕ ಮಂದಿ ಅದಾರ. ಮತ್ತ ಸುಳ್ಳ ಹೇಳೂ ಕಾರಣನೂ ಇಲ್ಲ. ಸಣ್ಣ ಹುಡುಗರ ಕೈಯಾಗ ಗಾಡಿ ಕೊಟ್ಟು ಯಾರಿಗರ ಪೆಟ್ಟಾದ್ರ, ಕಾಯ್ದೆ ಮೊದಲ ಹಿಡಿಯೂದ ತಂದಿ ತಾಯಿನ್ನ, ಗಾಡಿ ಮಾಲಕರನ್ನ. ನೀವು ಎರಡೂ ಹೌದು."

"ಅಂದ್ರ, ಹುಡುಗಿಗೆ ಏನೂ ಇಲ್ಲೇನ್ರಿ?"

"ಬೆಳಗಾವ್ಯಾಗ ಮಕ್ಕಳ ನ್ಯಾಯ ಮಂಡಳಿ ಮುಂದ ಹೋಗಬೇಕಾಗತೈತಿ. ಅಲ್ಲಿ ಜೇಲಿಲ್ಲ, ಬುದ್ಧಿ ಹೇಳ್ತಾರ. ಇಪ್ಪತ್ತೈದು ತುಂಬೂತನಾ ಲೈಸನ್ಸ್ ಸಿಗೂದಿಲ್ಲ. ಗಾಡಿ ನೋಂದಣಿ ಒಂದು ವರ್ಷ ರದ್ದು. ದಂಡ, ಶಿಕ್ಷೆ ಏನಿದ್ರೂ ನಿಮಗ."

ಮಹೇಶ ಇನ್ನೂ ಒಂದು ಮಾತು ಹೇಳಿದ. ತಂದೆ ತಾಯಿಗೆ ಗೊತ್ತೇ ಇಲ್ಲದೆ ಮಗು ಗಾಡಿ ತೆಗೆದುಕೊಂಡು ಹೋಗಿದ್ದರೆ, ಅದನ್ನು ತಡೆಯಲು ತಾವು ಎಲ್ಲ ಎಚ್ಚರ ವಹಿಸಿದ್ದೆವು ಎಂದು ತೋರಿಸಿಕೊಟ್ಟರೆ, ಪಾಲಕರು ಪಾರಾಗಬಹುದಂತೆ. "ನಿಮ್ಮ ಪ್ರಕರಣದಾಗ ಆ ದಾರಿ ಇಲ್ಲ," ಎಂದು ಅವನು ಸಂಕೋಚದಿಂದ ಸೇರಿಸಿದ. "ನೀವ ಹಿಂದ ಕುಂತಿದ್ರಿ."

"ಬರೇ ಕುಂತಿದ್ದಿಲ್ರಿ. ಜೋರ ಹೊಡಿ ಅಂತನೂ ಅಂದಿದ್ದೆ," ಎಂದಳು ಗೌರವ್ವ. ಆಮೇಲೆ ಎದೆಯ ಮೇಲಿಂದ ಏನೋ ಇಳಿದವಳಂತೆ ಉಸಿರುಬಿಟ್ಟಳು. "ಹಂಗಾರ ಕಾಯ್ದೆ ಬರೋಬ್ಬರಿ ಐತಿ ಬಿಡ್ರಿ ವಕೀಲ್ರ. ನಾ ಸುಳ್ಳ ಹೇಳಿ ಮಾಡಬೇಕಂದಿದ್ದನ್ನ ಅದು ಖರೇನ ಮಾಡೇತಿ."

ಇಷ್ಟು ವರ್ಷ ಇಂಥ ಕಕ್ಷಿಗಾರರನ್ನು ಮಹೇಶ ಕಂಡಿರಲಿಲ್ಲ. ಕಾಯ್ದೆಯನ್ನು ಬೈಯುತ್ತ ಬರುವವರೇ ಎಲ್ಲ.

ಮನೆಗೆ ಬಂದವಳೇ ಮಗಳ ಕೋಣೆಗೆ ಹೋದಳು. "ಶಿವಾ, ಏಳ. ಕಾಯ್ದೆದಾಗನ ಬರದೈತಂತ, ತಪ್ಪು ನಿಮ್ಮವ್ವಂದು ಅಂತ."

ಶಿವಾನಿ ಹೊದಿಕೆಯೊಳಗಿಂದಲೇ ಅಂದಳು, "ಹ್ಯಾಂಡಲ್ ನನ್ನ ಕೈಯಾಗ ಇತ್ತು ಅವ್ವಾ."

ಗೌರವ್ವ ಮಗಳ ಪಕ್ಕದಲ್ಲಿ ಕುಳಿತು ತಲೆ ಸವರಿದಳು. "ಆ ಕಾಕಾ ದವಾಖಾನಿಂದ ಬಂದ ಕೂಡಲೆ ಇಬ್ಬರೂ ಕೂಡಿ ಅವರ ಮನಿಗೆ ಹೋಗೂನು," ಎಂದಳು.

ಅವರು ಹೋದಾಗ ರಾಚಪ್ಪ ಕೊರಳಿಗೆ ಕೈ ಕಟ್ಟಿಕೊಂಡು ಮೂಡಲಗಿಯ ತನ್ನ ಮನೆಯ ಕಟ್ಟೆಯ ಮೇಲೆ ಕುಳಿತಿದ್ದ. ಶಿವಾನಿ ಅವನ ಕಾಲು ಮುಟ್ಟಿದಳು, "ತಪ್ಪಾತ್ರಿ ಅಜ್ಜಾರ," ಎಂದು ಅತ್ತಳು. ಹುಡುಗಿ ಅತ್ತದ್ದನ್ನು ನೋಡಿ ಅವನ ಸಿಟ್ಟೆಲ್ಲ ತಾಯಿಯ ಕಡೆ ತಿರುಗಿತು.

"ಕೂಸಿನ ಕೈಯಾಗ ಗಾಡಿ ಕೊಟ್ಟಿ. ನನ್ನ ಕೈ ಹೋತು. ಗೋಕಾಕ, ಘಟಪ್ರಭಾ, ಹುಕ್ಕೇರಿ, ಎಲ್ಲಾ ಕಡೆ ಮದುವಿ ಒಪ್ಪಕೊಂಡೇವಿ. ಕರಡಿ ಇಲ್ಲಂದ್ರ ಮೇಳ ಎಲ್ಲಿಂದ ಬಂತು? ಮುರದ್ದ ಕೈ ನನ್ನೊಬ್ಬಂದಲ್ಲ, ಐದ ಮನಿದು."

ಗೌರವ್ವ ತಲೆ ತಗ್ಗಿಸಿ ಕೇಳಿದಳು. ಗೂಟಕ್ಕೆ ತೂಗಿದ್ದ ಕರಡಿಯ ಮೇಲೆ ಅವಳ ಕಣ್ಣು ಹೋಯಿತು. "ಕಾಕಾ, ನಮ್ಮಪ್ಪ ನಿಡಸೋಸಿಯಾಗ ಕರಡಿ ಬಾರಸ್ತಿದ್ದ. ಅಂವ ಉಣ್ಣಾಕ ಕುಂತಾಗ ನಾ ತಗೊಂಡು ಬಡೀತಿದ್ದೆ. ನಿಮ್ಮ ಕೈ ನೆಟ್ಟಗಾಗೂತನಾ ನಾ ಬರ್ತೀನಿ."

ರಾಚಪ್ಪನಿಗೆ ನಗು ಬಂತು, ಅಷ್ಟೇನೂ ಒಳ್ಳೆಯ ನಗು ಅಲ್ಲ. "ಹಂಗೇನ? ಇಳಸ್ಕೊಂಡ ಬಡಿ, ನೋಡೂನು."

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಕರಡಿಯನ್ನು ಕೊರಳಿಗೆ ಹಾಕಿಕೊಂಡಳು. ಭಾರಕ್ಕೆ ಕುತ್ತಿಗೆ ಬಾಗಿತು. ಮೊದಲ ಏಟುಗಳು ಎಲ್ಲೆಲ್ಲೋ ಬಿದ್ದವು. ಮದುವೆಯಾದ ಮೇಲೆ ಅವಳು ಕರಡಿ ಮುಟ್ಟಿರಲಿಲ್ಲ. ಆದರೆ ದಿನಾ ರೊಟ್ಟಿ ಬಡಿದ ಕೈಗಳು. ಬೇಸರವಾಗದಿರಲೆಂದು ತನಗೆ ಗೊತ್ತಿಲ್ಲದೆಯೇ ಅಪ್ಪನ ಬಡಿತವನ್ನೇ ಹಿಟ್ಟಿನ ಮೇಲೆ ಬಡಿಯುತ್ತ ಬಂದಿದ್ದಳೋ ಏನೋ. ಸ್ವಲ್ಪ ಹೊತ್ತಿಗೆ ಕೈ ಒಂದು ದಾರಿ ಹಿಡಿಯಿತು. ಅತ್ತು ಮುಖ ಊದಿಸಿಕೊಂಡಿದ್ದ ಶಿವಾನಿ ಬಾಯಿ ತೆರೆದು ನೋಡುತ್ತ ನಿಂತಳು. ತನ್ನ ತಾಯಿಗೆ ಇದು ಬರುತ್ತದೆಂದು ಅವಳಿಗೆ ಗೊತ್ತೇ ಇರಲಿಲ್ಲ.

ಸದ್ದು ಕೇಳಿ ಪಕ್ಕದ ಮನೆಯ ಮಲ್ಲೇಶ ಹೊರಗೆ ಬಂದ. ಅವನು ಅದೇ ಮೇಳದ ಶಹನಾಯಿಯವನು. "ಎರಡನೇ ಮಜಲು ತಪ್ಪಾತು," ಎಂದು ರಾಚಪ್ಪ ಗದರಿಸಿದ. ಬಡಿತದ ಒಂದೊಂದು ಹಂತಕ್ಕೆ ಅವರು ಮಜಲು ಎನ್ನುತ್ತಾರೆ. "ಅವಸರ ಮಾಡಬ್ಯಾಡ. ನಿಂದು ಅದ ರೋಗ, ಎಲ್ಲಾ ಜೋರ. ಮತ್ತೊಮ್ಮಿ ಹಿಡಿ."

ಮತ್ತೊಮ್ಮೆ ಹಿಡಿ ಎಂದನೆಂದರೆ ಒಪ್ಪಿದಂತೆಯೇ ಎಂದು ಮಲ್ಲೇಶನಿಗೆ ಅರ್ಥವಾಯಿತು. "ಅಲ್ಲೋ ಕಾಕಾ, ಹೆಣ್ಮಗಳು ಕರಡಿ ಕಟ್ಟಿಕೊಂಡು ಮದುವಿಗೆ ಬಂದ್ರ ಮಂದಿ ಏನಂದಾರು?"

"ಮಂದಿ ಏನರ ಅನ್ಲಿ. ತಾಳ ತಪ್ಪಿದ್ರ ನಾ ಅಂತೀನಿ," ಎಂದ ರಾಚಪ್ಪ.

ಮಾರ್ಚ್ ಪೂರ್ತಿ ಅವಳು ಬೆಳಿಗ್ಗೆ ಬಸ್ಸಿನಲ್ಲಿ ರೊಟ್ಟಿ ತಂದು ಕೊಟ್ಟು, ಅಲ್ಲಿಂದ ರಾಚಪ್ಪನ ಕಟ್ಟೆಗೆ ಹೋಗಿ ಕಲಿತಳು. ಅವನು ಎಡಗೈಯಿಂದ ತನ್ನ ತೊಡೆಯ ಮೇಲೆ ಬಡಿದು ತೋರಿಸುತ್ತಿದ್ದ, ತಪ್ಪಿದಾಗ ಬೈಯುತ್ತಿದ್ದ. ಕುಣಿಯುತ್ತ ಬಾರಿಸುವುದು ಕಷ್ಟವಾಯಿತು. ಕಾಲು ಸರಿಯಾದರೆ ಕೈ ತಪ್ಪುತ್ತಿತ್ತು. ಮನೆಯಲ್ಲಿ ಅಡಿಗೆಮನೆಯಿಂದ ಪಡಸಾಲೆಗೆ ಕುಣಿದುಕೊಂಡೇ ಓಡಾಡಿದಳು. ದುಂಡಪ್ಪ ಒಂದು ದಿನ ಸುಮ್ಮನೆ ತಾಟು ಎತ್ತಿಕೊಂಡು ಚಮಚದಿಂದ ತಾಳ ಹಾಕತೊಡಗಿದ. ಅಪಘಾತದ ನಂತರ ಶಿವಾನಿ ಮೊದಲ ಬಾರಿಗೆ ನಕ್ಕದ್ದು ಆಗ.

ಮೊದಲ ಮದುವೆ ಗೋಕಾಕದಲ್ಲಿ. ರಾಚಪ್ಪ ಕೈ ಕಟ್ಟಿಕೊಂಡೇ ಜೊತೆಗೆ ಬಂದ. ಮೆರವಣಿಗೆ ಹೊರಟಾಗ ನಾಲ್ಕು ಹುಡುಗರು ಸಿಳ್ಳೆ ಹಾಕಿದರು, ಇಬ್ಬರು ಮುದುಕರು ಮುಖ ಸಿಂಡರಿಸಿದರು. ಗೌರವ್ವನ ಕಣ್ಣು ಮಾತ್ರ ರಾಚಪ್ಪನ ಎಡಗೈಯ ಮೇಲಿತ್ತು. ಮಜಲು ಏರುತ್ತ ಹೋದಂತೆ ಆ ಕೈ ಬೈಯುವುದನ್ನು ಬಿಟ್ಟು ತೂಗತೊಡಗಿತು. ಮದುಮಗನ ತಾಯಿ ಮೊದಲು ಮೆರವಣಿಗೆಯೊಳಗೆ ಬಂದು ಕುಣಿದಳು, ಅವಳ ಹಿಂದೆ ಬೀಗರ ಹೆಂಗಸರೆಲ್ಲ ಇಳಿದರು. ಮೆರವಣಿಗೆ ಮಂಟಪ ಸೇರಲು ತಡವಾಗಿ ಅಯ್ಯನವರು ಮುಹೂರ್ತ ಮೀರುತ್ತದೆಂದು ಗದ್ದಲ ಮಾಡಿದರು.

ಅಲ್ಲಿಂದ ಮೇಳಕ್ಕೆ ಬಿಡುವಿರಲಿಲ್ಲ. ಬಂದ ಪಾಲನ್ನು ಗೌರವ್ವ ಮುಟ್ಟುತ್ತಿರಲಿಲ್ಲ, ಅದು ರಾಚಪ್ಪನದು. ಆಸ್ಪತ್ರೆಯ ಖರ್ಚನ್ನು ದುಂಡಪ್ಪ ಕಬ್ಬಿನ ಹಣದಲ್ಲಿ ಕಟ್ಟಿದ್ದ. ಬೆಳಗಾವಿಯ ಮಂಡಳಿಯವರು ಶಿವಾನಿಯನ್ನು ಎದುರಿಗೆ ಕೂರಿಸಿಕೊಂಡು ಸಮಾಧಾನದಿಂದ ಮಾತಾಡಿದರು, ತಂದೆ ತಾಯಿಗೂ ಹೇಳುವುದನ್ನು ಹೇಳಿ ಕಳಿಸಿದರು. ಲೈಸನ್ಸಿಗೆ ಇಪ್ಪತ್ತೈದರ ತನಕ ಕಾಯಬೇಕೆಂಬುದು ಮಾತ್ರ ಹುಡುಗಿಗೆ ಚುಚ್ಚಿತು. ದುಂಡಪ್ಪ ಅವಳಿಗೊಂದು ಸೈಕಲ್ ತಂದ.

ರಾಚಪ್ಪ ಒಂದು ದಿನ ಮಹೇಶನ ಹತ್ತಿರ ಹೋಗಿ, "ಕೇಸ್ ತಗೀರಿ, ಈಕಿ ನಮ್ಮ ಮೇಳದಾಕಿ ಆಗ್ಯಾಳ," ಎಂದ. ಅದು ಸರಕಾರ ಹಾಕಿದ ಕೇಸು, ಇಬ್ಬರು ರಾಜಿಯಾದರೆ ಮುಗಿಯುವುದಲ್ಲ ಎಂದು ಮಹೇಶ ತಿಳಿಸಿ ಹೇಳಿದ. ಜೂನ್ ಮೊದಲ ವಾರಕ್ಕೆ ತಾರೀಖು ಬಂತು. ಗೌರವ್ವನಿಗೆ ಚಿಂತೆ ಹತ್ತಿದ್ದು ಶಿಕ್ಷೆಯದಲ್ಲ. ಅದೇ ದಿನ ಸಂಜೆ ನಿಡಸೋಸಿಯಲ್ಲಿ ಮದುವೆಯ ಮೆರವಣಿಗೆ ಇತ್ತು, ಅವಳ ತವರೂರಿನಲ್ಲಿ.

ಮೂಡಲಗಿಯ ಕೋರ್ಟಿನಲ್ಲಿ ನ್ಯಾಯಾಧೀಶೆ ಕಾಗದಗಳನ್ನು ನೋಡಿ ಕೇಳಿದರು, "ನಿಮ್ಮ ಮೇಲಿನ ಆರೋಪ ಗೊತ್ತಾಯಿತೇ? ಒಪ್ಪುತ್ತೀರಾ?"

"ಒಪ್ಪತೀನ್ರಿ ಸಾಹೇಬ್ರ. ಕೀಲಿ ಕೊಟ್ಟಾಕಿ ನಾನ. ಹಿಂದ ಕುಂತು ಜೋರ ಹೊಡಿ ಅಂದಾಕಿನೂ ನಾನ."

ಕೋರ್ಟಿನಲ್ಲಿ ಸಣ್ಣಗೆ ನಗು ಎದ್ದಿತು. ನ್ಯಾಯಾಧೀಶೆ ನಗಲಿಲ್ಲ. "ಆ ಹಿರಿಯರು ಸತ್ತಿದ್ದರೆ?"

ಗೌರವ್ವ ಹಿಂದೆ ಕುಳಿತಿದ್ದ ರಾಚಪ್ಪನ ಕಡೆ ತಿರುಗಿ ನೋಡಿದಳು. "ಆ ವಿಚಾರ ದಿನಾ ಬರತೈತ್ರಿ," ಎಂದಳು.

ಮಹೇಶ ಎದ್ದು, ಇದು ಅವಳ ಮೊದಲ ತಪ್ಪು, ಪೆಟ್ಟು ತಿಂದವರ ಜೀವನ ನಡೆಯಲೆಂದು ಅವಳು ಅವರ ಕೆಲಸ ಮಾಡುತ್ತಿದ್ದಾಳೆ ಎಂದು ಹೇಳಿದ. ರಾಚಪ್ಪ ಹಿಂದಿನಿಂದ ಎದ್ದು ನಿಂತು ಹೌದೆಂದು ಗೋಣು ಹಾಕಿದ. ನ್ಯಾಯಾಧೀಶೆ ಸ್ವಲ್ಪ ಹೊತ್ತು ಬರೆದು ತೀರ್ಪು ಹೇಳಿದರು: ಕಾನೂನಿನಲ್ಲಿರುವಂತೆ ಇಪ್ಪತ್ತೈದು ಸಾವಿರ ದಂಡ, ಜೊತೆಗೆ ಅಂದಿನ ಕೋರ್ಟು ಏಳುವ ತನಕ ಸಾದಾ ಸಜೆ.

"ಅಂದ್ರ ಏನ್ರಿ?" ಎಂದು ಗೌರವ್ವ ಪಿಸುಗುಟ್ಟಿದಳು.

"ಕೋರ್ಟ್ ಮುಗಿಯೂತನಾ ಇಲ್ಲೇ ಕುಂಡ್ರಬೇಕು. ಅದ ಜೇಲು," ಎಂದ ಮಹೇಶ.

"ಎಷ್ಟಕ್ಕ ಮುಗೀತೈತಿ?"

"ಸಂಜಿಮುಂದ."

ಅವಳು ಹಿಂದಿನ ಬೆಂಚಿನ ಮೇಲೆ ಕುಳಿತಳು. ಹೊಲದ ಬದುವಿನ ಜಗಳ ಬಂತು, ಚೆಕ್ಕಿನ ಕೇಸು ಬಂತು, ಎಮ್ಮೆ ಕಳವಿನ ಸಾಕ್ಷಿ ಬಂತು. ಊಟದ ಹೊತ್ತಿಗೂ ಎದ್ದು ಹೋಗುವಂತಿರಲಿಲ್ಲ. ದುಂಡಪ್ಪ ತಂದ ರೊಟ್ಟಿಯನ್ನು ಅಲ್ಲೇ ವರಾಂಡದಲ್ಲಿ ಪೊಲೀಸಮ್ಮನ ಕಣ್ಣೆದುರು ತಿಂದಳು. ಮಧ್ಯಾಹ್ನದ ಮೇಲೆ ಅವಳ ಬೆರಳುಗಳು ತಾವಾಗಿಯೇ ಬೆಂಚಿನ ಮೇಲೆ ಮಜಲು ಬಡಿಯತೊಡಗಿದವು. ಜವಾನ ಕಣ್ಣು ಕೆಕ್ಕರಿಸಿದ. ಅವಳು ಕೈ ಮಡಚಿಕೊಂಡಳು. ಸ್ವಲ್ಪ ಹೊತ್ತಿಗೆ ಹೆಬ್ಬೆರಳು ಕುಣಿಯಿತು.

ಹೊರಗೆ ಬೇವಿನ ಮರದ ಕೆಳಗೆ ಮೇಳದ ಗಾಡಿ ನಿಂತಿತ್ತು. ಮಲ್ಲೇಶ ಐದೈದು ನಿಮಿಷಕ್ಕೆ ಕಿಟಕಿಯಿಂದ ಇಣುಕಿ ಮುಖ ಸಣ್ಣದು ಮಾಡುತ್ತಿದ್ದ. ನಿಡಸೋಸಿಯವರಿಂದ ಫೋನು ಮೇಲೆ ಫೋನು. "ನಮ್ಮ ಕರಡಿಯಾಕಿ ಜೇಲಿನ್ಯಾಗ ಅದಾಳ, ಬಿಟ್ಟ ಕೂಡಲೆ ಬರ್ತೀವಿ," ಎಂದು ರಾಚಪ್ಪ ಒಮ್ಮೆ ಫೋನಿನಲ್ಲಿ ಹೇಳಿಬಿಟ್ಟದ್ದರಿಂದ ಅಲ್ಲಿ ಇನ್ನೂ ಗಾಬರಿಯಾಯಿತು.

ಕಡೆಗೂ ನ್ಯಾಯಾಧೀಶೆ ಎದ್ದರು. ಎಲ್ಲರೂ ಎದ್ದು ನಿಂತರು. ಜವಾನ ಬಂದು, "ಮುಗೀತವ್ವಾ ನಿನ್ನ ಜೇಲು, ನಡಿ ಇನ್ನ," ಎಂದ. ಗೌರವ್ವ ಸೀರೆ ಎತ್ತಿ ಹಿಡಿದು ಮೆಟ್ಟಿಲು ಇಳಿದ ಓಟಕ್ಕೆ ವಕೀಲರೆಲ್ಲ ದಾರಿ ಬಿಟ್ಟರು. ಡ್ರೈವರ್ ಗಾಡಿ ಶುರು ಮಾಡಿದ. "ಜೋರ..." ಎಂದು ಬಾಯಿ ತೆರೆದವಳು ಅಲ್ಲಿಗೇ ನಿಲ್ಲಿಸಿದಳು. "ಸಾವಕಾಶ ಹೊಡಿ ತಮ್ಮಾ. ಮಂದಿ ಕಾಯ್ತಾರ." ಗಾಡಿಯೊಳಗೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು, ಶಿವಾನಿ ಎಲ್ಲರಿಗಿಂತ ಹೆಚ್ಚು.

ನಿಡಸೋಸಿ ಮುಟ್ಟಿದಾಗ ದೀಪಗಳು ಹತ್ತಿದ್ದವು. ಊರ ಬಾಗಿಲಲ್ಲಿ ಮದುಮಗ ಕಾದು ಬೆವರಿದ್ದ. ಗೌರವ್ವ ಗಾಡಿಯಿಂದ ಇಳಿಯುತ್ತಲೇ ಕರಡಿ ಕೊರಳಿಗೆ ಹಾಕಿದಳು, ಮಲ್ಲೇಶ ಶಹನಾಯಿ ಎತ್ತಿದ. ಮೊದಲ ಮಜಲು ಮುಗಿಯುವುದರೊಳಗೆ ಗುಂಪಿನಿಂದ ಒಬ್ಬ ಮುದುಕಿ ದಾರಿ ಮಾಡಿಕೊಂಡು ಬಂದಳು. ಅವಳು ಪದ್ಮವ್ವ, ಗೌರವ್ವನ ಸೋದರತ್ತೆ. ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, "ಯವ್ವಾ, ನಮ್ಮಣ್ಣನ ಕೈ ಇದು!" ಎಂದು ಕೂಗಿ, ನಡುರಸ್ತೆಯಲ್ಲಿ ನಿಂತು ಸೊಸೆಯ ಕೆನ್ನೆ ನೀವಿ ಲಟಿಗೆ ಮುರಿದಳು. ಬಾರಿಸುತ್ತಿದ್ದ ಕೈ ನಿಲ್ಲಿಸುವಂತಿರಲಿಲ್ಲ. ಗೌರವ್ವ ಅಳುತ್ತಲೇ ನಗುತ್ತ ಬಾರಿಸಿದಳು. ಅಂದು ತಾಳ ಒಂದೆರಡು ಕಡೆ ತಪ್ಪಿತು. ರಾಚಪ್ಪ ಕೇಳಿಸಿಕೊಳ್ಳದವನಂತೆ ಬೇರೆ ಕಡೆ ನೋಡಿದ.

ದಸರೆಯ ಹೊತ್ತಿಗೆ ರಾಚಪ್ಪನ ಕೈ ಕೂಡಿತು. ಪೂರ್ತಿ ಮೊದಲಿನಂತೆ ಆಗಲಿಲ್ಲ. ಮೊಣಕೈ ಒಂದಿಷ್ಟು ಸೆಟೆದೇ ಉಳಿಯಿತು, ಹೆಚ್ಚು ಹೊತ್ತು ಬಾರಿಸಿದರೆ ನೋಯುತ್ತದೆ. ಹಾಗಾಗಿ ಮೇಳದಲ್ಲಿ ಈಗ ಎರಡು ಕರಡಿ. ಅವನು ಶುರು ಮಾಡಿಕೊಡುತ್ತಾನೆ, ಏರುಮಜಲು ಅವಳದು. ಈಗ ಅವಳಿಗೂ ಒಂದು ಪಾಲು ಇದೆ. ಅದನ್ನು ಒತ್ತಾಯದಿಂದ ಅವಳ ಕೈಗಿಟ್ಟವನು ರಾಚಪ್ಪನೇ.

ಕಳೆದ ಚಳಿಗಾಲದಲ್ಲಿ ಕೌಜಲಗಿ ಹತ್ತಿರ, ತೋಟದ ಮನೆಗಳ ನಡುವಿನ ಒಂದು ಶಾಲೆಯಲ್ಲಿ ಕಾನೂನು ತಿಳಿಸಿ ಹೇಳುವ ಸಭೆ ನಡೆಯಿತು. ಮಾತಾಡಲು ಬಂದ ಮಹೇಶ ಗೌರವ್ವನನ್ನೂ ಕರೆತಂದಿದ್ದ. ಅವನು ಹೇಳುವಷ್ಟು ಹೊತ್ತು ತಂದೆ ತಾಯಂದಿರು ಆಕಳಿಸಿದರು. ಗೌರವ್ವ ಎದ್ದು ತನ್ನ ಕಥೆ ಶುರು ಮಾಡಿದಾಗ ಆಕಳಿಕೆ ನಿಂತಿತು.

ಹಿಂದಿನ ಸಾಲಿನಿಂದ ಕಾಜಲ್ ಎಂಬ ಚಿಕ್ಕ ವಯಸ್ಸಿನ ತಾಯಿ ಎದ್ದು ಕೇಳಿದಳು, "ಎಲ್ಲಾ ಖರೆ ಅಕ್ಕಾ. ಆದ್ರ ಹೈಸ್ಕೂಲ ದೂರ ಮೂಡಲಗ್ಯಾಗ ಐತಿ. ಬಸ್ ಬರೂದಿಲ್ಲ. ಗಾಡಿ ಕೊಡಬ್ಯಾಡ ಅಂದ್ರ ಹುಡುಗರು ಹ್ಯಾಂಗ ಹೋಗಬೇಕು?"

ಗೌರವ್ವ ಮಹೇಶನ ಕಡೆ ನೋಡಿದಳು, ಅವನು ಕಾಯ್ದೆಯ ಪುಸ್ತಕದ ಕಡೆ ನೋಡಿದ. ಅವಳು ವೇದಿಕೆ ಇಳಿದು ಹೆಂಗಸರ ನಡುವೆ ಕುಳಿತಳು. "ಎಷ್ಟ ಮನ್ಯಾಗ ಹೈಸ್ಕೂಲಿಗೆ ಹೋಗೂ ಹುಡುಗರು ಅದಾರ? ಕೈ ಎತ್ತರಿ." ಕೈಗಳು ಎದ್ದವು. "ಇಲ್ಲೆ ಟಂಟಂ ಯಾರದ ಐತಿ?"

ಬಾಗಿಲ ಹತ್ತಿರ ನಿಂತಿದ್ದ ಮುತ್ತಪ್ಪ, ತನ್ನದೇ ಟಂಟಂ, ಆ ಮೂರು ಗಾಲಿಯ ಗಾಡಿ ಬೆಳಿಗ್ಗೆ ಮೂಡಲಗಿಗೆ ಖಾಲಿಯೇ ಹೋಗುತ್ತದೆ ಎಂದ. ಅಲ್ಲಿಂದ ಮುಂದಿನದು ಸಭೆಯಾಗಿ ಉಳಿಯಲಿಲ್ಲ. ಯಾವ ಮನೆಯ ಮುಂದೆ ನಿಲ್ಲಬೇಕು, ಪರೀಕ್ಷೆಯ ದಿನ ಎಷ್ಟು ಬೇಗ ಬರಬೇಕು, ಹುಡುಗಿಯರು ಎಲ್ಲಿ ಕೂರಬೇಕು ಎಂದು ಎಲ್ಲರೂ ಒಟ್ಟಿಗೇ ಮಾತಾಡತೊಡಗಿದರು. ಮುತ್ತಪ್ಪನ ಲೈಸನ್ಸನ್ನು ಕಾಜಲ್ ಕಿಸೆಯಿಂದ ತೆಗೆಸಿ, ಎರಡೂ ಬದಿ ತಿರುಗಿಸಿ ನೋಡಿದ ಮೇಲೆಯೇ ಒಪ್ಪಿಕೊಂಡಳು. ಸೋಮವಾರದಿಂದ ಆ ಟಂಟಂ ಶುರುವಾಯಿತು.